ಅಜ್ಜಿಯ ಪವನು, ಮಾಣೆಕ್ ಚೌಕದ ಗಿನ್ನಿ



ಧನತೇರಸ್ ಬಂತೆಂದರೆ ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿನ ಸರಾಫರು ‘ಗಿನ್ನಿ’ ಎನ್ನುವ ಬ್ರಿಟಿಷ್ ಚಿನ್ನದ ನಾಣ್ಯವನ್ನೇ ನಮ್ಮ ಮಂಗಳೂರು, ಕಾಸರಗೋಡು ಕಡೆಯ ಹಿರಿಯರು ‘ಪವನು’ ಎನ್ನುತ್ತಾರೆ. ಗಿನಿ ಎಂಬುದು 1814ರಲ್ಲೇ ಅಚ್ಚು ನಿಂತ ಬೇರೆ ನಾಣ್ಯ. ಹೆಸರು ಮಾತ್ರ ಬಜಾರಿನಲ್ಲಿ ಉಳಿಯಿತು. ಪೌಂಡ್ ನಮ್ಮವರ ಬಾಯಲ್ಲಿ ಪವನು ಆಯಿತು. ಇವೆರಡೂ ಸೂಚಿಸುವುದು 1817ರಿಂದ ಅಚ್ಚಾದ ‘ಸಾವರಿನ್’ ನಾಣ್ಯವನ್ನು. ತೂಕ 7.988 ಗ್ರಾಂ, 22 ಕ್ಯಾರೆಟ್. ಶುದ್ಧ ಚಿನ್ನ ಸುಮಾರು 7.32 ಗ್ರಾಂ. ಒಂದು ಪವನಿಗೆ 8 ಗ್ರಾಂ ಎಂಬ ಲೆಕ್ಕ ಬಂದದ್ದು ಇಲ್ಲಿಂದಲೇ.

1899ರಲ್ಲಿ ಸರ್ಕಾರ ಇದನ್ನು 15 ರೂಪಾಯಿಗೆ ಸಮವೆಂದು ಚಲಾವಣೆಗೆ ತಂದಿತು. ಆಗ ಅಹಮದಾಬಾದ್, ಸೂರತ್ ಜಿಲ್ಲೆಗಳೂ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ವಡೋದರಾ ಮಾತ್ರ ಗಾಯಕವಾಡರ ಸಂಸ್ಥಾನ. ನಿಮ್ಮ ಮುತ್ತಜ್ಜನ ಊರಿಗೂ ನೀವು ಹುಟ್ಟಿದ ಊರಿಗೂ ಹೀಗೊಂದು ಹಳೆಯ ನಂಟಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಇಸವಿ ಹಾಕಿ, ಮುಂಬಯಿಯಲ್ಲೇ ಸುಮಾರು 13 ಲಕ್ಷ ಸಾವರಿನ್ ಅಚ್ಚಾದವು. ಕುದುರೆಯ ಮೇಲೆ ಕುಳಿತು ಡ್ರ್ಯಾಗನ್ನನ್ನು ಕೊಲ್ಲುವ ವೀರನ ಚಿತ್ರದ ಕೆಳಗೆ, ಇಸವಿಯ ಮೇಲ್ಭಾಗದಲ್ಲಿ ಇಂಗ್ಲಿಷಿನ ಪುಟ್ಟ ‘ಐ’ ಅಕ್ಷರವಿದ್ದರೆ ಅದು ಮುಂಬಯಿಯ ಗುರುತು.

ಇಷ್ಟೆಲ್ಲ ಹೇಳಲು ಕಾರಣವಿದೆ. ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಅಜ್ಜಿಯ ಕಾಲದ ಸರವನ್ನು ಹೊಸ ಡಿಸೈನಿಗಾಗಿ ಕರಗಿಸುವುದು ರೂಢಿಯಾಗಿದೆ. ಸರದ ಕಾಸುಗಳಲ್ಲಿ ಹೆಚ್ಚಿನವು ಲಕ್ಷ್ಮಿಯ ಮುದ್ರೆಯ ಬರೀ ಬಿಲ್ಲೆಗಳು. ಆದರೆ ನಡುವೆ ನಿಜವಾದ ಪವನುಗಳೂ ಇರಬಹುದು. ಕರಗಿದ ಮೇಲೆ ಸಿಗುವುದು ಚಿನ್ನದ ತೂಕದ ಬೆಲೆ ಮಾತ್ರ. ಇಸವಿ, ಗುರುತು, ಅದನ್ನು ಕೊಟ್ಟವರ ನೆನಪು ಮತ್ತೆ ಬಾರವು.

ಆದ್ದರಿಂದ ಮೊದಲು ನಾಣ್ಯವನ್ನು ಓದಿ. ಇಸವಿ ನೋಡಿ, ತೂಗಿಸಿ, ಅಗಲ ಅಳೆಯಿರಿ. ಅದು 22 ಮಿಲಿಮೀಟರಿನಷ್ಟಿರಬೇಕು. ಅಂಗಡಿಯ ಯಂತ್ರ ಕ್ಯಾರೆಟ್ ಎಷ್ಟೆಂದು ತಿಳಿಸುತ್ತದೆ, ಅಸಲಿ ಟಂಕಸಾಲೆಯದೋ ಅಲ್ಲವೋ ಎಂದು ತಿಳಿಸದು. ನಿಜವಾದ ಚಿನ್ನದಲ್ಲೇ ಮಾಡಿದ ನಕಲಿ ನಾಣ್ಯಗಳೂ ಇವೆ. ಸಂಶಯವಿದ್ದರೆ ನಾಣ್ಯ ಬಲ್ಲವರಿಗೆ ತೋರಿಸಿ. ಹುಣಸೆಹುಳಿ ಹಾಕಿ ತಿಕ್ಕಬೇಡಿ, ಕೊಂಡಿ ಬೆಸೆಸಬೇಡಿ. ಎರಡರಿಂದಲೂ ಸಂಗ್ರಾಹಕರ ಬೆಲೆ ಕುಗ್ಗುತ್ತದೆ.

ವಿದೇಶಕ್ಕೆ ಹೊರಟವರು ಇನ್ನೊಂದು ಮಾತು ನೆನಪಿಡಿ. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1918ರ ಪವನು ಈಗ ಆ ಸಾಲಿಗೆ ಸೇರಿದೆ. ಅಮೆರಿಕದ ಅಕ್ಕನಿಗೆ ಉಡುಗೊರೆಯೆಂದು ಪೆಟ್ಟಿಗೆಯಲ್ಲಿಟ್ಟು ಕಳಿಸುವ ಮುನ್ನ ಯೋಚಿಸಿ.

ಹಳೆಯದು ಇಲ್ಲದವರು ಹೊಸದನ್ನೂ ಕೊಡಬಹುದು. 2013ರಲ್ಲಿ ಎಂಎಂಟಿಸಿ-ಪ್ಯಾಂಪ್ ಸಂಸ್ಥೆ ಭಾರತದಲ್ಲಿ ಮತ್ತೆ ಸಾವರಿನ್ ಅಚ್ಚು ಹಾಕಿತು. ಹಳೆಯದಾಗಲಿ ಹೊಸದಾಗಲಿ, ಮಡಿಲು ತುಂಬುವಾಗ ನಾಣ್ಯದ ಜೊತೆಗೊಂದು ಚೀಟಿ ಇಡಿ: ಯಾರು, ಯಾರಿಗೆ, ಯಾವ ಊರಿನಲ್ಲಿ, ಎಂದು ಕೊಟ್ಟದ್ದು. ಕನ್ನಡದಲ್ಲೇ ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ.

ಈ ದೀಪಾವಳಿಗೆ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಪವನು ಕಂಡರೆ ಅಜ್ಜ, ಅಜ್ಜಿಯನ್ನು ಕೇಳಿ, ಅದು ಎಲ್ಲಿಂದ ಬಂತೆಂದು. ಉತ್ತರ ಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.