ಸೆರಗಿಗೆ ಒಗ್ಗದ ಸ್ವೆಟರ್

ಏಪ್ರಿಲ್ ಕೊನೆಯ ಡೊಂಬಿವಲಿಯಲ್ಲಿ ಫ್ಯಾನಿನ ಕೆಳಗೆ ಕೂತರೂ ಬೆವರು ನಿಲ್ಲುವುದಿಲ್ಲ. ಅಂಥದೊಂದು ಭಾನುವಾರ, ಸ್ಟೇಷನ್ನಿನ ಪೂರ್ವಕ್ಕಿರುವ ಒಂದು ಕನ್ನಡ ಮನೆಯಲ್ಲಿ ಐದು ಸ್ವೆಟರುಗಳ ಪ್ಯಾಕೆಟ್ ಬಿಚ್ಚಲಾಯಿತು. ಮಗ, ಸೊಸೆ, ಎರಡು ಮಕ್ಕಳು ಖಾರ್‌ಘರ್‌ನಿಂದ ಬಂದಿದ್ದರು. ಮೇ ತಿಂಗಳಲ್ಲಿ ಅಜ್ಜಿಯನ್ನೂ ಸೇರಿಸಿ ಐವರೂ ಬ್ರಿಟನ್ ಪ್ರವಾಸ ಹೊರಟಿದ್ದಾರೆ: ಲಂಡನ್, ಲೇಕ್ ಡಿಸ್ಟ್ರಿಕ್ಟ್, ಕೊನೆಗೆ ಎಡಿನ್‌ಬರೋ. ಸ್ವೆಟರುಗಳೆಲ್ಲ ಒಂದೇ ಥರ. ಕೆನೆಬಣ್ಣ, ಎದೆಯ ಮೇಲೆ ಜಡೆಯಂಥ ಹೆಣಿಗೆ, ತಲೆಯಿಂದ ಇಳಿಸಿ ತೊಡುವಂಥವು. ಅಜ್ಜಿ ಸೀರೆಯ ಮೇಲೆಯೇ ತೊಟ್ಟು ನೋಡಿದರು. ಸೆರಗು ಒಳಗೆ ಮುದ್ದೆಯಾಯಿತು, ಹೊಟ್ಟೆಯ ಹತ್ತಿರ ನೆರಿಗೆ ಉಬ್ಬಿತು.

“ಅಮ್ಮ, ಅಲ್ಲಿ ಸೀರೆ ಆಗ್ಲಿಕ್ಕಿಲ್ಲ. ಪ್ಯಾಂಟ್ ಹಾಕು.”

“ನೀವೆಲ್ಲ ನಿಲ್ಲಿ. ಫೋಟೋ ನಾನು ತೆಗೀತೇನೆ,” ಅಂದರು ಅಜ್ಜಿ.

ಎಲ್ಲರೂ ನಕ್ಕರು. ಆದರೆ ಎಪ್ಪತ್ತರ ಹತ್ತಿರದ ಹೆಂಗಸು, ಹೊರಡುವ ಮೊದಲೇ ಕುಟುಂಬದ ಫೋಟೋದಿಂದ ತನ್ನನ್ನು ತೆಗೆದುಹಾಕಿಕೊಂಡ ಮಾತು ಅದು. ಯಾರೂ ಅವರನ್ನು ಹೊರಗಿಡಲು ಹೋಗಲಿಲ್ಲ, ನಿಜ. ಹೊರಗಿಟ್ಟದ್ದು ಆ ಉಡುಪಿನ ಕಟಿಂಗ್.

ಸೀರೆ ಉಡುವ ಹೆಂಗಸರು ಚಳಿಗಾಲದಲ್ಲಿ ಹೆಚ್ಚಾಗಿ ಮುಂದೆ ಗುಂಡಿಯಿರುವ ಸ್ವೆಟರನ್ನು ಹಾಕುವುದು ಫ್ಯಾಷನ್ ಗೊತ್ತಿಲ್ಲದೆ ಅಲ್ಲ. ಸೆರಗನ್ನು ಒಳಗೂ ಬಿಡಬಹುದು, ಮೇಲೆ ತಂದು ಹೊದೆಯಲೂಬಹುದು. ಬಸ್ಸಿನೊಳಗೆ ಸೆಕೆಯಾದರೆ ಕೂದಲು ಕೆದರದೆ ಬಿಚ್ಚಬಹುದು. ಅದಕ್ಕೆ ಕಾರ್ಡಿಗನ್ ಎಂಬ ಹೆಸರು ಬಂದದ್ದು ಕ್ರಿಮಿಯಾ ಯುದ್ಧದಲ್ಲಿ ಹೆಸರಾದ ಒಬ್ಬ ಬ್ರಿಟಿಷ್ ಸೇನಾಧಿಕಾರಿಯಿಂದ, ಕಾರ್ಡಿಗನ್ನಿನ ಏಳನೇ ಅರ್ಲ್‌ನಿಂದ. ಅಂದರೆ ಬ್ರಿಟನ್ನಿಗೆ ಹೊಂದುವ ಉಡುಪೇ ಬೇಕಿದ್ದರೆ ಅದು ಅಜ್ಜಿಯ ಪಕ್ಷದಲ್ಲೇ ಇತ್ತು. ಮನೆಯವರು ‘ಬ್ರಿಟಿಷ್ ಲುಕ್’ ಎಂದು ತರಿಸಿದ ಜಡೆ ಹೆಣಿಗೆಗಾದರೋ ಹೆಸರು ತಂದುಕೊಟ್ಟದ್ದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಅರಾನ್ ದ್ವೀಪಗಳು. (ಈ ಹೆಸರುಗಳ ಕತೆಯೇ ಮಜಾ. ಕನ್ನಡದಲ್ಲಿ ಜರ್ಸಿ ಅಂದರೆ ಮೊದಲು ಹಸು. ಇಂಗ್ಲಿಷ್ ಕಾಲುವೆಯ ಅದೇ ಪುಟ್ಟ ದ್ವೀಪ ಹಸುವಿಗೂ ಹೆಣೆದ ಅಂಗಿಗೂ ಹೆಸರು ಕೊಟ್ಟಿದೆ.)

ಈ ಕಡೆಯ ಊರುಗಳಿಗೆ ಉಣ್ಣೆ ಅಪರಿಚಿತವಲ್ಲ. ಥಾಣೆಯಲ್ಲಿ 1925ರಲ್ಲಿ ಹುಟ್ಟಿದ ಉಣ್ಣೆ ಗಿರಣಿ 1944ರಲ್ಲಿ ಸಿಂಘಾನಿಯಾ ಕುಟುಂಬದ ಕೈಗೆ ಬಂದು ರೇಮಂಡ್ ಎಂದು ದೇಶಕ್ಕೆಲ್ಲ ಗೊತ್ತಾಯಿತು. ಗಿರಣಿಯ ಆ ಜಾಗದಲ್ಲಿ ಈಗ ವಸತಿ ಗೋಪುರಗಳೆದ್ದಿವೆ. ಆದರೆ ಅದು ನೇಯ್ದ ಸೂಟಿನ ಬಟ್ಟೆ, ಗಂಡಸರ ಮದುವೆ-ಮುಂಜಿಯದು. ಹೆಣಿಗೆ ನಡೆಯುತ್ತಿದ್ದದ್ದು ಇನ್ನೊಂದು ಕಡೆ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ.

ಈ ಅಜ್ಜಿಯೂ ಅಲ್ಲೇ ಹೆಣೆದವರು. ಫೋರ್ಟಿನ ಆಫೀಸಿಗೆ ಹೋಗುವಾಗ ಸೀಟಿಗಾಗಿ ಕಲ್ಯಾಣದವರೆಗೆ ಹಿಂದಕ್ಕೆ ಹೋಗಿ, ಅದೇ ಗಾಡಿಯಲ್ಲಿ ಮುಂಬಯಿಗೆ ಬರುತ್ತಿದ್ದರು. ಕೂತರೆ ಕಡ್ಡಿ, ಉಲ್ಲನ್ ಉಂಡೆ ಹೊರಗೆ. ನಾಲ್ಕನೇ ಸೀಟಿನಲ್ಲಿ ಅರ್ಧ ಕೂತಾಗಲೂ ಮೊಣಕೈ ಒತ್ತಿ ಹಿಡಿದು ಎರಡು ಸಾಲು ಮುಗಿಯುತ್ತಿತ್ತು. ಪಕ್ಕದಲ್ಲಿ ಒಬ್ಬಾಕೆ ಗವಾರ್ ಮುರಿಯುತ್ತಿದ್ದರೆ, ಎದುರಿನಾಕೆ ಹೊಸ ಹೆಣಿಗೆಯ ಲೆಕ್ಕ ಹೇಳಿಕೊಡುತ್ತಿದ್ದಳು. ಬಾಣಂತಿಯರಿಗೆ ಕುಲಾವಿ, ನೆಂಟರ ಮಕ್ಕಳಿಗೆ ಸ್ವೆಟರ್. ತಮಗೆಂದು ಹೆಣೆದುಕೊಂಡದ್ದು ಒಂದೇ, ಮರೂನ್ ಬಣ್ಣದ್ದು, ಮುಂದೆ ಆರು ಗುಂಡಿ. ಅದನ್ನು ಹಾಕಿಕೊಂಡು ಸೀರೆಯಲ್ಲೇ ಬದರಿನಾಥಕ್ಕೆ ಹೋಗಿ ಬಂದಿದ್ದಾರೆ. ಬದರಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಎಡಿನ್‌ಬರೋ ಸಮುದ್ರದ ಬದಿಯ ಊರು. ಬದರಿಯಲ್ಲಿ ಆದ ಸೀರೆ ಇಲ್ಲಿ ಯಾಕೆ ಆಗುವುದಿಲ್ಲ ಎಂದು ಆ ಭಾನುವಾರ ಯಾರಿಗೂ ಹೊಳೆಯಲಿಲ್ಲ. ಸ್ವೆಟರ್ ಕಪಾಟಿನ ಮೇಲಿನ ಟ್ರಂಕಿನಲ್ಲಿ ಡಾಂಬರು ಗುಳಿಗೆಗಳ ಜೊತೆ ಇತ್ತು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳ ಪಾಲಾಗದೆ ಉಳಿದದ್ದೇ ಹೆಚ್ಚು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಆ ಸ್ವೆಟರ್ ಉಣ್ಣೆಯದ್ದೇ ಅಲ್ಲದಿರಬಹುದು. ಇಲ್ಲಿಯ ಅಂಗಡಿಗಳಲ್ಲಿ ‘ಉಲ್ಲನ್’ ಎಂದರೆ ಹೆಣೆಯುವ ನೂಲು ಎಂದಷ್ಟೇ ಅರ್ಥ. ಕುರಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ, ಬಹಳಷ್ಟು ಅಕ್ರಿಲಿಕ್. ನಿಜವಾದ ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ, ಅಕ್ರಿಲಿಕ್ ಅಷ್ಟು ಇಡುವುದಿಲ್ಲ. ಆದರೆ ಆನ್‌ಲೈನ್‌ನಲ್ಲಿ ಬಂದ ಆ ಐದರ ಚೀಟಿ ಓದಿದರೆ ಅಲ್ಲೂ ಅಕ್ರಿಲಿಕ್ಕೇ.

ಎಡಿನ್‌ಬರೋದಲ್ಲಿ ಮೇ ತಿಂಗಳ ಮಧ್ಯಾಹ್ನ ಸಾಮಾನ್ಯವಾಗಿ 14-15 ಡಿಗ್ರಿ ಇರುತ್ತದೆ. ಜನವರಿಯ ಬೆಳಗಿನ ಜಾವ ಕಲ್ಯಾಣ ಸ್ಟೇಷನ್ನಿನಲ್ಲಿ ನಿಂತವರಿಗೆ ಅದು ಹೊಸ ಅನುಭವವೇನಲ್ಲ. ಹೊಸತೆಂದರೆ ಗಾಳಿ ಮತ್ತು ಜಿನುಗು ಮಳೆ. ಹೆಣಿಗೆ ಎಷ್ಟು ದಪ್ಪ ಇದ್ದರೂ ಅದರ ಕಣ್ಣುಗಳಲ್ಲಿ ಗಾಳಿ ನುಗ್ಗುತ್ತದೆ. ಬೇಕಾದದ್ದು ಅದರ ಮೇಲೊಂದು ಗಾಳಿ-ಮಳೆ ತಡೆಯುವ ಕೋಟು, ಒಳಗೆ ತೆಳ್ಳಗಿನದೊಂದು ಅಂಗಿ. ಸೀರೆಯ ಒಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಅಂಚು ನೆಂದರೆ ಬೇಗ ಒಣಗುವ ಸಿಂಥೆಟಿಕ್ ಸೀರೆ, ಕಾಲಿಗೆ ಉಣ್ಣೆಯ ಚೀಲ, ಜಾರದ ಬೂಟು. ಅಜ್ಜಿಗೇ ಪ್ಯಾಂಟ್ ಹಾಕುವ ಆಸೆ ಇದ್ದರೆ ಸಂತೋಷವಾಗಿ ಹಾಕಲಿ. ಅದನ್ನು ಅವರು ಹೇಳಬೇಕು, ಸ್ವೆಟರ್ ಅಲ್ಲ.

ಒಂದೇ ಬಣ್ಣದಲ್ಲಿ ನಿಲ್ಲುವ ಮಕ್ಕಳ ಖುಷಿಯನ್ನು ಕಸಿಯಬೇಕಿಲ್ಲ. ನಾಲ್ಕು ಕೆನೆಬಣ್ಣದ ಸ್ವೆಟರುಗಳ ನಡುವೆ ಒಂದು ಮರೂನ್ ಇದ್ದರೆ ಫೋಟೋ ಕೆಡುವುದಿಲ್ಲ. ಐದನೆಯದನ್ನು ವಾಪಸು ಕಳಿಸಿ, ಆ ದುಡ್ಡಿನಲ್ಲಿ ಅಜ್ಜಿಗೆ ಕಾಲುಚೀಲ ತರಬಹುದು. ಟ್ರಂಕಿನಿಂದ ಇಳಿಸಿದ ಸ್ವೆಟರನ್ನು ಹೊರಡುವ ಮೊದಲು ನಾಲ್ಕು ದಿನ ಬಾಲ್ಕನಿಯಲ್ಲಿ ಹರವಬೇಕು, ಇಲ್ಲದಿದ್ದರೆ ವಿಮಾನದಲ್ಲಿ ಸುತ್ತಲಿನವರಿಗೆಲ್ಲ ಡಾಂಬರು ಗುಳಿಗೆಯ ವಾಸನೆ. ಇನ್ನು ಫೋಟೋ ತೆಗೆಯಲು ಎಡಿನ್‌ಬರೋ ಕೋಟೆಯ ಮುಂದೆ ದಾರಿಹೋಕರಿಗೇನೂ ಬರವಿಲ್ಲ.