ಮರಿನಾಯಿಗೆ ಮೊದಲ ಪಾಠ

ಪಾಯಿಂಟರ್ ಜಾತಿಯ ನಾಯಿ ಹಕ್ಕಿಯ ವಾಸನೆ ಸಿಕ್ಕೊಡನೆ ಓಡುವುದಿಲ್ಲ. ಮೂತಿ ಚಾಚಿ, ಮುಂಗಾಲೊಂದನ್ನು ಎತ್ತಿ, ಕಲ್ಲಿನಂತೆ ನಿಲ್ಲುತ್ತದೆ. ನಿಲ್ಲುವ ಗುಣ ಹುಟ್ಟಿನಿಂದ ಬಂದದ್ದು; ಅಪ್ಪಣೆಯಾಗುವವರೆಗೆ ಕದಲದಿರುವುದು ಕಲಿಕೆಯಿಂದ ಬಂದದ್ದು. ಹಿಂದೆ ನಮ್ಮ ತೋಟಗಳಲ್ಲಿಯೂ ಕಾಡುಕೋಳಿ ಬೇಟೆಗೆಂದು ನಾಯಿಗಳನ್ನು ಪಳಗಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವೂ ಹೋಯಿತು. ಹೋದದ್ದು ಸರಿಯೇ. ಆದರೆ ಬೇಟೆಯೊಡನೆ ಪಳಗಿಸುವ ಅಭ್ಯಾಸವನ್ನೂ ಬಿಟ್ಟದ್ದು ತಪ್ಪೆಂದು ನಮ್ಮ ಅಭಿಪ್ರಾಯ.

ಇಂದು ತೋಟದ ನಾಯಿ ಎಂದರೆ ಕಂಡದ್ದನ್ನೆಲ್ಲ ಅಟ್ಟುವ ನಾಯಿ. ನಮ್ಮದೇ ಒಂದು ವರ್ಷದ ನಾಯಿ ಕಾಡುಕೋಳಿಯ ಬೆನ್ನುಹತ್ತಿ ಬೇಲಿ ದಾಟಿ, ಹಂದಿಗೆಂದು ಯಾರೋ ಒಡ್ಡಿದ್ದ ತಂತಿ ಉರುಳಿಗೆ ಸಿಕ್ಕಿ ಸತ್ತಿತು. ಎಷ್ಟು ಕೂಗಿದರೂ ಅದು ನಿಲ್ಲಲಿಲ್ಲ. ನಿಲ್ಲುವುದನ್ನು ನಾವು ಕಲಿಸಿರಲಿಲ್ಲ.

ಕಲಿಸುವುದು ಕಷ್ಟವಲ್ಲ. 3 ತಿಂಗಳ ಮರಿಯನ್ನು ಅನ್ನದ ತಟ್ಟೆಯ ಮುಂದೆ 'ನಿಲ್ಲು' ಎಂದು ಕ್ಷಣಕಾಲ ತಡೆದು, ನಿಂತರೆ ಉಣಿಸಬೇಕು. 6 ತಿಂಗಳಾದ ಮೇಲೆ 20–30 ಅಡಿಯ ಹಗ್ಗ ಕಟ್ಟಿ ಕಣದಲ್ಲಿ ಅಭ್ಯಾಸ. ಒಂದೇ ಮಾತು, ಒಬ್ಬನೇ ಗುರು, ದಿನಕ್ಕೆ 10 ನಿಮಿಷ ಸಾಕು. ಕರೆದಾಗ ತಡವಾಗಿ ಬಂದರೂ ಹೊಡೆಯಬಾರದು. ಹೊಡೆದರೆ ಮುಂದೆ ಬರುವುದೇ ಇಲ್ಲ. ಮನೆಯ ಕೋಳಿ ಎದುರು ಹಾರಿದರೂ ಕದಲದಂತಾದ ಮೇಲೆಯೇ ಹಗ್ಗ ಬಿಚ್ಚಬೇಕು.

ಕುಯ್ಲಿಗೆ ಬರುವ ಹೆಂಗಸರು ನಾಯಿಗೆ ಹೆದರಿ ಕೆಲಸ ಮಾಡುವಂತಾಗಬಾರದು. ಮಳೆಗಾಲದಲ್ಲಿ ಮರಿ ತಂದ ಸದಸ್ಯರು ಅಷ್ಟರೊಳಗೆ ಈ ಒಂದು ಪಾಠ ಕಲಿಸಿ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಬೇಕೆಂದು ನಮ್ಮ ವಿನಂತಿ.