ನಮ್ಮ ಮಕ್ಕಳ ಕನ್ನಡಕ್ಕೆ ನಗಬೇಡಿ!



2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶ ಪಡೆದು ರಾಜ್ಯಕ್ಕೇ ಕಡೆಯದಾಯಿತು. ಮಕ್ಕಳು ದಡ್ಡರು ಎಂದು ಷರಾ ಬರೆಯುವುದು ಸುಲಭ. ಶಿಕ್ಷಕರ ಕೊರತೆ, ತೊಗರಿ ರಾಶಿ ಬಂದರೆ ಖಾಲಿಯಾಗುವ ತರಗತಿ, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಇವತ್ತು ಬೇರೊಂದು ಮಾತು.

ಅಂದೋಲಾದ ಒಂದನೇ ಇಯತ್ತೆ ಕೂಸನ್ನು ಕೇಳಿ ನೋಡಿ. 'ನಮ್ಮವ್ವ ಹೊಲಕ್ಕ ಹೋಗ್ಯಾಳ್ರಿ' ಅನ್ನುತ್ತದೆ. ಮಾಸ್ತರರು ನಕ್ಕು, 'ಹೋಗ್ಯಾಳ ಅಲ್ಲ, ಹೋಗಿದ್ದಾಳೆ ಅನ್ನು' ಎಂದು ಗದರಿದರೆ ಏನಾಗುತ್ತದೆ? ಅವ್ವನ ಮಾತೇ ತಪ್ಪು ಎಂದು ಆ ಕೂಸು ತಿಳಿಯುತ್ತದೆ. ಮರುದಿನ ಹಿಂದಿನ ಸಾಲಿಗೆ ಹೋಗಿ ಬಾಯಿ ಮುಚ್ಚಿ ಕೂಡುತ್ತದೆ. ಹತ್ತನೇ ಇಯತ್ತೆಗೆ ಬಂದರೂ ಆ ಬಾಯಿ ಬಿಚ್ಚುವುದಿಲ್ಲ. ನಿಜಾಮನ ಕಾಲಕ್ಕೆ ಉರ್ದು ಬಾರದವನು ದಡ್ಡ. ಆ ಆಳ್ವಿಕೆ 1948ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದೆವು. ಈಗ ಪುಸ್ತಕದ ಕನ್ನಡ ಬಾರದವನು ದಡ್ಡ! ಇದು ಕನ್ನಡಿಗರೇ ಕನ್ನಡಿಗರಿಗೆ ಮಾಡುವ ಅವಮಾನ ಅಲ್ಲವೇನ್ರಿ?

ನಮ್ಮ ಜಿಲ್ಲೆಯದೇ ಸೇಡಂ ತಾಲೂಕಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಓದು ಬರಹವಿಲ್ಲದ ಕನ್ನಡಿಗರನ್ನೂ ಕಾವ್ಯ ಬಲ್ಲವರೆಂದು ಹೊಗಳಿತು. ನಾಡು ನಾಡಿಗೆ ಕನ್ನಡ ಬೇರೆ ಎಂದೂ ಒಪ್ಪಿತು. ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಅಂಕಿತದಲ್ಲಿ ವಚನ ಬರೆದವರು. ಈ ಸಂಗತಿಯನ್ನು ಅಂದೋಲಾದ ಹುಡುಗರಿಗೆ ಯಾರಾದರೂ ಹೇಳಿದ್ದೀರಾ?

ಪುಸ್ತಕದ ಕನ್ನಡ ಕಲಿಸಬೇಡಿ ಎನ್ನುತ್ತಿಲ್ಲ. ಪರೀಕ್ಷೆಗೆ, ನೌಕರಿಗೆ ಅದು ಬೇಕೇ ಬೇಕು. ಆದರೆ ಜಾಣ ಮಾಸ್ತರರು ಕೂಸಿನ ಮಾತನ್ನು ಇದ್ದ ಹಾಗೇ ಫಲಕದ ಮೇಲೆ ಬರೆಯುತ್ತಾರೆ, ಅದರ ಕೆಳಗೆ ಪುಸ್ತಕದ ಸಾಲು ಬರೆಯುತ್ತಾರೆ. ಇದು ಮನೆಗೆ, ಇದು ಪರೀಕ್ಷೆಗೆ. ಎರಡೂ ನಿನ್ನವೇ ಎನ್ನುತ್ತಾರೆ. ಓದಲು ತಡವರಿಸುವ ಹುಡುಗನನ್ನೇ ಎಬ್ಬಿಸಿ, ಕೂರಿಗೆ ಹೇಗೆ ಕಟ್ಟುತ್ತಾರೆ, ಕಣ ಹೇಗೆ ಮಾಡುತ್ತಾರೆ ಹೇಳಪ್ಪಾ ಎನ್ನುತ್ತಾರೆ. ಅವತ್ತು ಇಡೀ ತರಗತಿ ಅವನ ಬಾಯಿ ನೋಡುತ್ತದೆ! ಬರೀ 'ಶಾಭಾಸ್' ಅಂದರೆ ಮಕ್ಕಳು ನಂಬುವುದಿಲ್ಲ, ಅವರು ನಮಗಿಂತ ಶಾಣ್ಯಾರು. ಏನು ಚೆನ್ನಾಗಿತ್ತು ಎಂದು ಬಿಡಿಸಿ ಹೇಳಬೇಕು.

ಇದಕ್ಕೆ ದುಡ್ಡೂ ಬೇಡ, ಸರ್ಕಾರದ ಆದೇಶವೂ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರೇ ಕೈಹಾಕಿ ನಲಿ-ಕಲಿ ಕಟ್ಟಿದರು. ಒಂದೊಂದು ಮಗುವೂ ತನ್ನ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವ ಪದ್ಧತಿ ಅದು. ಆಮೇಲೆ ಅದನ್ನು ರಾಜ್ಯವೆಲ್ಲ ತೆಗೆದುಕೊಂಡಿತು. ಅಲ್ಲಿ ಆದದ್ದು ಜೇವರ್ಗಿ ತಾಲೂಕಿನಲ್ಲಿ ಯಾಕಾಗಬಾರದು?

ನಾನು ಅಚ್ಚುಕೂಟದವನು. ತನ್ನ ಹೆಸರು ಅಚ್ಚಾದದ್ದು ಕಂಡ ಮನುಷ್ಯನ ಮುಖ ಹೇಗಾಗುತ್ತದೆ ಎಂದು ದಿನಾ ನೋಡುತ್ತೇನೆ, ಅದು ಲಗ್ನಪತ್ರಿಕೆಯಾದರೂ ಸರಿ. ಅಂದೋಲಾ ಸುತ್ತಿನ ಮಾಸ್ತರರೇ, ಮೇಡಂನವರೇ, ನಿಮ್ಮ ಮಕ್ಕಳು ಹೇಳಿದ ಕತೆ, ಒಗಟು, ಅಜ್ಜಿಯ ಹಾಡು ಬರೆಸಿ ಕಳಿಸಿ. ಹೆಸರು ಹಾಕಿ ಪುಸ್ತಿಕೆ ಮಾಡಿಕೊಡುತ್ತೇನೆ. 'ಹೋಗ್ಯಾಳ' ಎಂದಿದ್ದರೆ 'ಹೋಗ್ಯಾಳ' ಎಂದೇ ಅಚ್ಚಾಗುತ್ತದೆ. ಮುದ್ರಣದ ಖರ್ಚು ನನ್ನದು, ಕಾಗದ ಮಾತ್ರ ಊರವರು ಕೊಡಿಸಿರಿ.